ದಕ್ಷಿಣ ಅಮೆರಿಕದ ಡೈನೋಸಾರ್ ಚಾರ್ಟಿನಲ್ಲಿ ಎರಡು ಹೆಸರು ಯಾಕೆ ತಪ್ಪು

ನಿಮ್ಮ ಮಗಳು ಮಾಡಿದ ದಕ್ಷಿಣ ಅಮೆರಿಕದ ಡೈನೋಸಾರ್ ಚಾರ್ಟಿನ ಐದು ಹೆಸರುಗಳಲ್ಲಿ ಟೀಚರ್ ಎರಡನ್ನು ಯಾಕೆ ಹೊಡೆದುಹಾಕಿದರು ಅಂತ ಕೇಳಿದ್ದೀರಿ. ಕಾರಣ ಬಹುಶಃ ಆಟಿಕೆ ಸೆಟ್ಟು. ಆ ಡಬ್ಬಿಗಳಲ್ಲಿ ಎಲ್ಲ ಖಂಡಗಳ ಪ್ರಾಣಿಗಳೂ ಒಟ್ಟಿಗೇ ಇರುತ್ತವೆ. ನನ್ನ ಮಗನ ಚಾರ್ಟಿಗೂ ಹೀಗೇ ಆಗಿತ್ತು.

ಮೊದಲು ಟಿರಾನೋಸಾರಸ್ ತೆಗೆಯಿರಿ, ಅದು ಉತ್ತರ ಅಮೆರಿಕದ್ದು. ಟೆರಾನೊಡಾನ್ ಕೂಡ ಅಲ್ಲಿಯದೇ. ಅದು ಡೈನೋಸಾರೇ ಅಲ್ಲ, ಹಾರುವ ಸರೀಸೃಪ.

ಆ ಜಾಗಕ್ಕೆ ಅರ್ಜೆಂಟೀನಾದ ಎರಡನ್ನು ಹಾಕಿ. ಒಂದು ಎಯೊರಾಪ್ಟರ್. ಸುಮಾರು 23 ಕೋಟಿ ವರ್ಷ ಹಳೆಯದು, ತೀರಾ ಚಿಕ್ಕದು. ಇನ್ನೊಂದು ಕಾರ್ನೋಟಾರಸ್, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಪಳೆಯುಳಿಕೆ ತಜ್ಞ ಜೋಸೆ ಬೊನಪಾರ್ಟೆ 1985ರಲ್ಲಿ ಇದಕ್ಕೆ ಹೆಸರಿಟ್ಟರು. ಕಣ್ಣಿನ ಮೇಲೆ ಎರಡು ದಪ್ಪ ಕೊಂಬು, ಕೈ ಮಾತ್ರ ಪುಟಾಣಿ. ಚರ್ಮದ ಅಚ್ಚು ಕೂಡ ಸಿಕ್ಕಿದೆ, ಹಾಗಾಗಿ ಗರಿ ಬಿಡಿಸಬೇಡಿ, ಹುರುಪೆ ಬಿಡಿಸಿ. ನಮ್ಮ ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್ ಇದರ ನೆಂಟ! ಭಾರತ, ದಕ್ಷಿಣ ಅಮೆರಿಕ ಎರಡೂ ಹಿಂದೆ ಗೊಂಡ್ವಾನಾ ಅನ್ನೋ ಮಹಾಖಂಡದಲ್ಲಿ ಒಂದಾಗಿದ್ದವು ಅಲ್ವಾ, ಅದಕ್ಕೇ. ಮಗಳಿಗೆ ಇದನ್ನು ಖಂಡಿತ ಹೇಳಿ.

ಉಳಿದ ಮೂರು ಸರಿ ಇವೆ. ಹೆರೆರಾಸಾರಸ್ ಹಾಗೇ ಬಿಡಿ. ಜೈಗನೋಟೋಸಾರಸ್ ಕಾಗುಣಿತ ಮಾತ್ರ ನೋಡಿಕೊಳ್ಳಿ, ಜೈಗಾಂಟೋಸಾರಸ್ ಅಂತ ಬರೆದರೆ ಅದು ಬೇರೆ ಪ್ರಾಣಿ. ಅರ್ಜೆಂಟಿನೋಸಾರಸ್ 35 ಮೀಟರ್ ಉದ್ದ ಅಂತ ಖಚಿತವಾಗಿ ಬರೆಯಬೇಡಿ. ಸಿಕ್ಕಿರುವ ಮೂಳೆಗಳು ಕೆಲವೇ, ಲೆಕ್ಕ ಒಬ್ಬೊಬ್ಬರದು ಒಂದೊಂದು. 'ಸುಮಾರು 30 ರಿಂದ 35 ಮೀಟರ್, ಅಂದಾಜು' ಅಂತ ಹಾಕಿದರೆ ಸಾಕು.