ಡರ್ಬನ್‌ನ ಹವಾಮಾನ, ಜನ, ಊರು ಹೇಗಿದೆ? ಉಬ್ಬಸ ಇರುವ ಮಗುವನ್ನು ಕರೆದುಕೊಂಡು ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಎರಡು ವರ್ಷದ ಕೆಲಸಕ್ಕೆ ಡರ್ಬನ್‌ಗೆ ಬರುತ್ತಿದ್ದೀರಿ. ಜೊತೆಗೆ ಮನೆಯವರು, ಆರು ವರ್ಷದ ಮಗಳು. ಮಗಳಿಗೆ ಆಗಾಗ ಉಬ್ಬಸ ಬರುತ್ತದೆ. ಸೆಕೆ ಎಷ್ಟು, ಮಳೆ ಎಷ್ಟು, ಎಂಥ ಜನ, ಎಲ್ಲಿ ಮನೆ ಮಾಡಬೇಕು ಅಂತ ಕೇಳಿದ್ದೀರಿ. ನಾನು ಕುಂದಾಪುರದ ಕಡೆಯವನು. ಇಲ್ಲಿಗೆ ಬಂದು ಎಂಟು ವರ್ಷವಾಯಿತು, ಮೂರು ಮನೆ ಬದಲಿಸಿದ್ದೇನೆ. ಈ ಊರಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕರ್ಧ ಆ ಮೂರು ಮನೆಗಳಿಂದ ಕಲಿತದ್ದು.

ಕರೆದುಕೊಂಡು ಬನ್ನಿ, ಧಾರಾಳವಾಗಿ. ಆದರೆ 'ಡರ್ಬನ್ ಹವಾಮಾನ' ಅಂತ ಫೋನಿನಲ್ಲಿ ಕಾಣುವ ಸರಾಸರಿ ನೋಡಿ ಮನೆ ಹಿಡಿಯಬೇಡಿ. ಇಲ್ಲಿ ಒಂದು ದಿಬ್ಬ ಹತ್ತಿ ಇಳಿದರೆ ಹವೆ ಬೇರೆ. ಮನೆ ಎಷ್ಟು ಎತ್ತರದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಮಳೆ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ, ಇಷ್ಟು ನೋಡಿದರೆ ಮಗಳ ವಿಷಯದಲ್ಲಿ ಅರ್ಧ ಚಿಂತೆ ಕಡಿಮೆ.

ಮೊದಲು ಊರಿನ ಆಕಾರ ಹೇಳುತ್ತೇನೆ. ಡರ್ಬನ್ ಇರುವುದು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ, ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ. ನಮ್ಮ ಕಡೆ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ, ಇಲ್ಲಿ ಸಮುದ್ರದಿಂದ ಏಳುತ್ತಾನೆ. ಕಡಲಿಗೆ ಬೆನ್ನು ಹಾಕಿ ನಿಂತರೆ ಎದುರಿಗೆ ಸಮತಟ್ಟಾದ ಪೇಟೆ. ಅದರ ಹಿಂದೆ ಕಡಲಿಗೆ ಸಮಾನಾಂತರವಾಗಿ ಉದ್ದಕ್ಕೆ ಮಲಗಿರುವ ಒಂದು ದಿಬ್ಬ. ಅದಕ್ಕೆ ಬೆರಿಯಾ ಅನ್ನುತ್ತಾರೆ. ಅದು ಬಹಳ ಹಳೆಯ ಕಾಲದ ಮರಳು ದಿಣ್ಣೆ, ಕಬ್ಬಿಣದ ಅಂಶದಿಂದ ಕೆಂಪಾಗಿದೆ. ರಸ್ತೆಗೆ ಅಗೆದ ಕಡೆ ಆ ಕೆಂಪು ಕಂಡಾಗ ನನಗೆ ಊರಿನ ಜಂಬಿಟ್ಟಿಗೆ ಮಣ್ಣು ನೆನಪಾಗುತ್ತದೆ. ಆದರೆ ಇದು ಗಟ್ಟಿ ಇಲ್ಲ, ಜೋರು ಮಳೆಗೆ ಕರಗಿ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಬೆರಿಯಾದ ಆಚೆ ಕಣಿವೆ, ಮತ್ತೆ ದಿಬ್ಬ, ಮತ್ತೆ ಕಣಿವೆ. ವೆಸ್ಟ್‌ವಿಲ್, ಪೈನ್‌ಟೌನ್, ಕ್ಲೂಫ್, ಹಿಲ್‌ಕ್ರೆಸ್ಟ್ ಅಂತ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ನೆಲ ಏರುತ್ತಾ ಹೋಗುತ್ತದೆ. 80 ಕಿಲೋಮೀಟರ್ ಹೋದರೆ ಪೀಟರ್‌ಮಾರಿಟ್ಸ್‌ಬರ್ಗ್, ಗಾಂಧೀಜಿಯನ್ನು 1893ರಲ್ಲಿ ರೈಲಿನಿಂದ ಇಳಿಸಿದ ಊರು. ಈ ಎರಡು ಊರುಗಳ ನಡುವೆ 1921ರಿಂದ 'ಕಾಮ್ರೇಡ್ಸ್' ಓಟ ನಡೆಯುತ್ತಿದೆ. ಸಾಮಾನ್ಯವಾಗಿ ಒಂದು ವರ್ಷ ಹತ್ತುವ ಓಟ, ಇನ್ನೊಂದು ವರ್ಷ ಇಳಿಯುವ ಓಟ. ಅದರಲ್ಲೇ ಗೊತ್ತಾಗುತ್ತದೆ ಅಲ್ವಾ, ಇಲ್ಲಿನವರಿಗೆ ಏರು-ಇಳಿಜಾರು ಎಷ್ಟು ಮುಖ್ಯ ಅಂತ.

ಪೇಟೆಯ ದಕ್ಷಿಣಕ್ಕೆ ಒಂದು ದೊಡ್ಡ ಹಿನ್ನೀರಿನಂಥ ಕೊಲ್ಲಿ ಇದೆ. ಕಡಲಿನ ಕಡೆಯಿಂದ 'ಬ್ಲಫ್' ಎಂಬ ಉದ್ದನೆ ಗುಡ್ಡ ಅದಕ್ಕೆ ಮರೆಯಾಗಿ ನಿಂತಿದೆ. ಈ ಮರೆ ಇದ್ದದ್ದಕ್ಕೇ ಇಲ್ಲಿ ಬಂದರು, ಬಂದರು ಇದ್ದದ್ದಕ್ಕೇ ಈ ಊರು. ಜುಲು ಭಾಷೆಯಲ್ಲಿ ಊರಿನ ಹೆಸರು ಎತೆಕ್ವಿನಿ. ಕೊಲ್ಲಿ ಅನ್ನುವ ಪದದಿಂದಲೇ ಬಂದದ್ದು. ನಗರಪಾಲಿಕೆಯ ಹೆಸರೂ ಅದೇ, ಕಾಗದಪತ್ರದಲ್ಲಿ ಕಂಡರೆ ಗಾಬರಿ ಬೇಡ. ಮೊದಲು ಕೊಲ್ಲಿಯ ಸುತ್ತ ತುಂಬಾ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿತ್ತು. ಈಗ ಮೂಲೆಯಲ್ಲಿ ಸ್ವಲ್ಪ ಉಳಿದಿದೆ, ಉಮ್ಗೇನಿ ಹೊಳೆಯ ಅಳಿವೆಯಲ್ಲಿ ಇನ್ನೊಂದಿಷ್ಟು. ಬಂದರಿಗೆ ಕಟ್ಟಿದ ಕಲ್ಲಿನ ತಡೆಗೋಡೆ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ಮರಳನ್ನು ತಡೆಯುತ್ತದೆ. ಹಾಗಾಗಿ ಊರಿನ ಬೀಚುಗಳಿಗೆ ಪಂಪ್ ಹಚ್ಚಿ ಮರಳು ತುಂಬಬೇಕು. ಅಳಿವೆ ಬಾಯಲ್ಲಿ ಗೋಡೆ ಕಟ್ಟಿದರೆ ಪಕ್ಕದ ದಂಡೆಗೆ ಏನಾಗುತ್ತದೆ ಅಂತ ಉಳ್ಳಾಲದವರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಹವೆ. ಆಫ್ರಿಕಾ ಅಂದರೆ ಸುಡುವ ಮರಳುಗಾಡು ಅನ್ನುವ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ತೆಗೆದುಬಿಡಿ. ಇದು ಹಸಿರು ಊರು. ಭೂಮಧ್ಯರೇಖೆಯಿಂದ ಸುಮಾರು 30 ಡಿಗ್ರಿ ದಕ್ಷಿಣಕ್ಕಿದೆ, ಮಕರ ಸಂಕ್ರಾಂತಿ ವೃತ್ತದಿಂದ ಆಚೆಗೆ. ಹಾಗಾಗಿ ನಮ್ಮ ಮಂಗಳೂರಿನಂತೆ ವರ್ಷವಿಡೀ ಸೆಕೆ ಇಲ್ಲ. ಜನವರಿಯಲ್ಲಿ ಹಗಲು 28 ಡಿಗ್ರಿ, ರಾತ್ರಿ 21ರ ಆಸುಪಾಸು. ಜುಲೈಯಲ್ಲಿ ಹಗಲು 22-23, ರಾತ್ರಿ 11ರ ಹತ್ತಿರ. ವರ್ಷಕ್ಕೆ ಮಳೆ ಸುಮಾರು 1000 ಮಿಲಿಮೀಟರ್, ಹೆಚ್ಚಿನದು ಅಕ್ಟೋಬರ್‌ನಿಂದ ಮಾರ್ಚ್ ಒಳಗೆ. ಮಂಗಳೂರಿನ ಮಳೆಯ ಮೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ದಾವಣಗೆರೆಗೆ ಹೋಲಿಸಿದರೆ ಮಾತ್ರ ಚೆನ್ನಾಗಿಯೇ ಜಾಸ್ತಿ.

ಇದರ ಹಿಂದಿನ ಕಾರಣ ನನಗೆ ತುಂಬಾ ಇಷ್ಟ. ಇದೇ ದೇಶದ ಪಶ್ಚಿಮ ಕರಾವಳಿಯಲ್ಲಿ, ಹೆಚ್ಚು ಕಡಿಮೆ ಇದೇ ಅಕ್ಷಾಂಶದಲ್ಲಿ, ಪೋರ್ಟ್ ನೊಲ್ಲೊತ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ, ಸುತ್ತ ಬರೀ ಬರಡು. ವ್ಯತ್ಯಾಸ ಸಮುದ್ರದ್ದು. ಅಲ್ಲಿ ಬೆಂಗ್ವೆಲಾ ಎಂಬ ತಣ್ಣನೆ ಪ್ರವಾಹ ಹರಿಯುತ್ತದೆ. ತಣ್ಣನೆ ನೀರಿನ ಮೇಲಿನ ಗಾಳಿ ಮೇಲೇರುವುದಿಲ್ಲ, ಮಳೆ ಕಟ್ಟುವುದಿಲ್ಲ. ಡರ್ಬನ್ ಮುಂದೆ ಹರಿಯುವುದು ಅಗುಲ್ಹಾಸ್ ಎಂಬ ಬೆಚ್ಚನೆ ಪ್ರವಾಹ. ಅದು ಉತ್ತರದ ಉಷ್ಣವಲಯದಿಂದ ಬಿಸಿನೀರು ಹೊತ್ತು ತರುತ್ತದೆ. ಗಾಳಿಗೆ ತೇವ ಸಿಗುತ್ತದೆ, ಆ ಗಾಳಿ ದಿಬ್ಬಗಳನ್ನು ಏರುತ್ತಾ ತಣ್ಣಗಾಗಿ ಮಳೆಯಾಗುತ್ತದೆ. ಚಳಿಗಾಲದಲ್ಲೂ ಇಲ್ಲಿ ಮಕ್ಕಳು ಕಡಲಿನಲ್ಲಿ ಆಡುತ್ತಾರೆ. ಕೇಪ್‌ಟೌನ್ ಫೋಟೋ ನೋಡಿ ಬಟ್ಟೆ ಕಟ್ಟಬೇಡಿ, ಅಲ್ಲಿ ಮಳೆಗಾಲವೇ ಚಳಿಗಾಲದಲ್ಲಿ.

ಫೆಬ್ರವರಿ ಕಷ್ಟದ ತಿಂಗಳು. ತಾಪಮಾನ 28 ಅಂತ ತೋರಿಸಿದರೂ ಮೈಗೆ 35 ಅನ್ನಿಸುತ್ತದೆ. ದಾವಣಗೆರೆಯ ಒಣ ಬಿಸಿಲಿಗೆ ಹೊಂದಿದವರಿಗೆ ಈ ಅಂಟು ಸೆಕೆ ಹೊಸದು. ನನ್ನ ಮೊದಲ ಮನೆ ಉಂಬಿಲೊ ಹೊಳೆಯ ಕಣಿವೆಯಲ್ಲಿತ್ತು. ಬಾಡಿಗೆ ಕಡಿಮೆ, ಎದುರಿಗೆ ಹಸಿರು, ಖುಷಿಯಾಗಿ ಹಿಡಿದೆ. ಒಂದು ಫೆಬ್ರವರಿ ಬೆಳಿಗ್ಗೆ ಬೀರು ತೆಗೆದರೆ ಮದುವೆಯಲ್ಲಿ ಹಾಕಿದ್ದ ಕಪ್ಪು ಶೂ ಹಸಿರಾಗಿತ್ತು. ಬೆರಳಿನಿಂದ ಒರೆಸಿದರೆ ಹಿಟ್ಟಿನ ಹಾಗೆ ಬೂಷ್ಟು. ಬೆಲ್ಟಿಗೂ ಅದೇ, ಗೋಡೆಯ ಕೆಳಮೂಲೆಯಲ್ಲೂ ಅದೇ. ಆ ಮಲಗುವ ಕೋಣೆಯ ಕಿಟಕಿ ದಕ್ಷಿಣಕ್ಕಿತ್ತು. ನಾವು ಈಗ ಭೂಮಿಯ ದಕ್ಷಿಣಾರ್ಧದಲ್ಲಿದ್ದೇವೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಇಲ್ಲಿ ಸೂರ್ಯ ಉತ್ತರದ ಕಡೆ ವಾಲಿಕೊಂಡು ಹೋಗುತ್ತಾನೆ. ದಕ್ಷಿಣದ ಕೋಣೆಗೆ ಚಳಿಗಾಲದಲ್ಲಿ ಒಂದು ಹನಿ ಬಿಸಿಲೂ ಬೀಳುವುದಿಲ್ಲ. ಉಬ್ಬಸ ಇರುವ ಮಗುವಿಗೆ ಬೂಷ್ಟು ಹಿಡಿದ ಗೋಡೆ ಒಳ್ಳೆಯದಲ್ಲ, ಇದನ್ನು ನಿಮ್ಮ ಡಾಕ್ಟರೂ ಹೇಳುತ್ತಾರೆ. ಮಗಳ ಕೋಣೆಗೆ ಉತ್ತರದ ಕಿಟಕಿ ಇರಲೇಬೇಕು ಅಂತ ಹಟ ಹಿಡಿಯಿರಿ.

ಚಳಿಗಾಲ ಸುಂದರ. ಜೂನ್, ಜುಲೈನಲ್ಲಿ ತಿಳಿ ನೀಲಿ ಆಕಾಶ, ಮಳೆ ಬಹಳ ಕಡಿಮೆ. ಮಧ್ಯೆ ಒಂದೊಂದು ದಿನ 'ಬರ್ಗ್ ವಿಂಡ್' ಬೀಸುತ್ತದೆ. ಒಳನಾಡಿನ ಎತ್ತರದ ಬಯಲಿನಿಂದ ಕಡಲಿನತ್ತ ಇಳಿಯುವ ಗಾಳಿ ಇದು. ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಚಳಿಗಾಲದ ನಡುವೆ ಒಮ್ಮೆಲೇ 30 ಡಿಗ್ರಿ ದಾಟಿ, ತುಟಿ ಒಣಗಿ, ಮರುದಿನ ನೈಋತ್ಯದಿಂದ ತಣ್ಣನೆ ಗಾಳಿ ಬಂದು ಸ್ವೆಟರ್ ಹುಡುಕುವ ಹಾಗಾಗುತ್ತದೆ. ಇಂಥ ಎರಡು ದಿನ ಮಗಳ ಇನ್‌ಹೇಲರ್ ಶಾಲೆಯ ಚೀಲದಲ್ಲೇ ಇರಲಿ. ಮುನ್ಸೂಚನೆಯಲ್ಲಿ ಮೊದಲೇ ಹೇಳುತ್ತಾರೆ.

ಅದೇ ಚಳಿಗಾಲದಲ್ಲಿ ಕೆಲವು ವರ್ಷ ಸಾರ್ಡೀನ್ ಮೀನಿನ ದೊಡ್ಡ ಹಿಂಡು ದಕ್ಷಿಣದಿಂದ ಕರಾವಳಿ ಹಿಡಿದು ಬರುತ್ತದೆ. ನಮ್ಮ ಬೂತಾಯಿಯ ದಾಯಾದಿ ಇದು. ಜನ ದಡದಿಂದಲೇ ಬಲೆ ಹಾಕಿ ಎಳೆಯುತ್ತಾರೆ, ಥೇಟ್ ನಮ್ಮ ಕೈರಂಪಣಿ. ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತ್ತು.

ಈಗ ಮನಸ್ಸಿಗೆ ಕಷ್ಟವಾದರೂ ಹೇಳಬೇಕಾದ್ದು. 2022ರ ಏಪ್ರಿಲ್ 11 ಮತ್ತು 12ರಂದು ಕೆಲವು ಕಡೆ 24 ಗಂಟೆಯಲ್ಲಿ 300 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯಿತು. ಪ್ರಾಂತ್ಯದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಡರ್ಬನ್ ಮತ್ತು ಸುತ್ತಮುತ್ತಲಿನವರು. ಆಗ ನಾನು ಎರಡನೇ ಮನೆಯಲ್ಲಿದ್ದೆ, ಒಂದು ಇಳಿಜಾರಿನಲ್ಲಿ. ರಾತ್ರಿಯಿಡೀ ಹಿಂದಿನ ದಿಬ್ಬದಿಂದ ಕೆಂಪು ನೀರು ಅಂಗಳದ ಮೂಲಕ ಹರಿಯಿತು. ಬೆಳಿಗ್ಗೆ ನೋಡಿದರೆ ಪಕ್ಕದವರ ಕಾಂಪೌಂಡ್ ಗೋಡೆ ಅಡ್ಡ ಮಲಗಿತ್ತು. ನಮಗೆ ಒಂಬತ್ತು ದಿನ ನಲ್ಲಿಯಲ್ಲಿ ನೀರಿರಲಿಲ್ಲ, ಅಷ್ಟೇ. ನಮ್ಮದು ಬದುಕಿದ ಕಷ್ಟ. ಹೊಳೆ ದಂಡೆಯಲ್ಲಿ, ಗುಡ್ಡದ ಕಡಿದಾದ ಬರೆಯ ಮೇಲೆ ತಗಡಿನ ಮನೆ ಕಟ್ಟಿಕೊಂಡಿದ್ದವರ ಕಥೆಯೇ ಬೇರೆ. ಅವರು ಅಲ್ಲಿ ಯಾಕಿದ್ದರು? ಬೇರೆ ಜಾಗ ಸಿಗಲಿಲ್ಲ, ಅದಕ್ಕೆ. ಈ ಊರಿನ ಭೂಗೋಳ ಮತ್ತು ಜನಸಂಖ್ಯೆ ಎರಡೂ ಒಂದೇ ವಿಷಯ ಅಂತ ನನಗೆ ಅರ್ಥವಾದದ್ದು ಆ ವಾರ.

1950ರ ಗ್ರೂಪ್ ಏರಿಯಾಸ್ ಕಾಯಿದೆ ಯಾವ ಬಣ್ಣದವರು ಎಲ್ಲಿ ಇರಬೇಕು ಅಂತ ಗೆರೆ ಎಳೆಯಿತು. ಗಾಳಿ ಚೆನ್ನಾಗಿರುವ ಬೆರಿಯಾದಂಥ ದಿಬ್ಬಗಳು ಬಿಳಿಯರಿಗೆ. ಕೇಟೊ ಮ್ಯಾನರ್‌ನಂಥ ಜಾಗದಲ್ಲಿ ಒಟ್ಟಿಗಿದ್ದ ಕರಿಯರನ್ನೂ ಭಾರತೀಯರನ್ನೂ ಎಬ್ಬಿಸಿ ಊರ ಹೊರಗೆ ಕಳಿಸಿದರು. ಜುಲು ಜನರಿಗೆ ಕ್ವಾಮಾಷು, ಉಮ್ಲಾಜಿ. ಭಾರತೀಯರಿಗೆ ಚಾಟ್ಸ್‌ವರ್ತ್, ಆಮೇಲೆ ಫೀನಿಕ್ಸ್. ಕಾಯಿದೆ ಹೋಗಿ ಮೂವತ್ತು ವರ್ಷ ದಾಟಿದೆ, ಗೆರೆ ಪೂರ್ತಿ ಅಳಿಸಿಲ್ಲ. 2011ರ ಗಣತಿಯಲ್ಲಿ ಎತೆಕ್ವಿನಿಯಲ್ಲಿ 34.4 ಲಕ್ಷ ಜನರಿದ್ದರು, 2022ರಲ್ಲಿ 42.4 ಲಕ್ಷ. ಹೊಸದಾಗಿ ಬರುವ ಬಡವರಿಗೆ ಉಳಿಯುವುದು ಕಡಿದಾದ ಬರೆ ಮತ್ತು ಹೊಳೆ ಬದಿ.

2011ರ ಲೆಕ್ಕದಲ್ಲಿ ನೂರಕ್ಕೆ ಸುಮಾರು 74 ಮಂದಿ ಕರಿಯರು, 17 ಭಾರತೀಯ ಮೂಲದವರು, 7ರ ಹತ್ತಿರ ಬಿಳಿಯರು. ಮನೆಮಾತು ಹೆಚ್ಚಿನವರಿಗೆ ಜುಲು. 'ಸಾವುಬೋನಾ' ಅಂದರೆ ನಮಸ್ಕಾರ, 'ನ್ಗಿಯಬೊಂಗಾ' ಅಂದರೆ ಧನ್ಯವಾದ. ಈ ಎರಡು ಪದ ಬರುವ ಮೊದಲೇ ಕಲಿಯಿರಿ. ಅಂಗಡಿಯಲ್ಲಿ ಹೇಳಿ ನೋಡಿ, ಎದುರಿನವರ ಮುಖ ಅರಳುತ್ತದೆ.

ನಮ್ಮವರು ಬಂದ ಕಥೆ ದೊಡ್ಡದು. 1860ರ ನವೆಂಬರ್ 16ರಂದು 'ಟ್ರೂರೊ' ಹಡಗು ಮದ್ರಾಸಿನಿಂದ 342 ಜನರನ್ನು ತಂದು ಇಲ್ಲಿ ಇಳಿಸಿತು. 1911ರೊಳಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಬಂದರು, ಮುಖ್ಯವಾಗಿ ಕಬ್ಬಿನ ಗದ್ದೆಗೆ. ಬೆಚ್ಚನೆ ಪ್ರವಾಹ ಕೊಟ್ಟ ಮಳೆ, ಹಿಮ ಬೀಳದ ಚಳಿಗಾಲ, ಇವೆರಡು ಇಲ್ಲದಿದ್ದರೆ ಕಬ್ಬೂ ಇರುತ್ತಿರಲಿಲ್ಲ, ಅವರೂ ಬರುತ್ತಿರಲಿಲ್ಲ. ಅವರ ಮರಿಮಕ್ಕಳು ಈಗ ಮನೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ತಮಿಳು, ತೆಲುಗು, ಹಿಂದಿ ಹೆಚ್ಚಾಗಿ ಪೂಜೆಯಲ್ಲಿ, ಅಡುಗೆ ಮನೆಯಲ್ಲಿ ಉಳಿದಿವೆ. ಅವರು 'ಇಂಡಿಯಾದವರು' ಅಲ್ಲ, ಇಲ್ಲಿಯವರು. "ನಿಮ್ಮ ಊರು ಯಾವುದು?" ಅಂತ ಕೇಳಿದರೆ ಚಾಟ್ಸ್‌ವರ್ತ್ ಅಂತಲೇ ಹೇಳುತ್ತಾರೆ. ಅದು ಸರಿಯಾದ ಉತ್ತರ. ಚಾಟ್ಸ್‌ವರ್ತ್‌ನ ಬಾಂಗ್ಲಾದೇಶ್ ಮಾರ್ಕೆಟ್‌ನಲ್ಲಿ ಕರಿಬೇವು, ಬೆಂಡೆ, ಹಾಗಲ ಎಲ್ಲಾ ಸಿಗುತ್ತದೆ. ತರಕಾರಿ ಮಾರುವ ಆಂಟಿಯೊಬ್ಬರು ನನಗೆ ಕರಿಬೇವಿನ ಸಸಿ ಕೊಟ್ಟು, "ಉತ್ತರದ ಬಿಸಿಲಿಗೆ ಇಡು ಮಗಾ" ಅಂತ ಇಂಗ್ಲಿಷಿನಲ್ಲಿ ಹೇಳಿದ್ದರು. ಮನೆ ಬದಲಿಸುವ ಬುದ್ಧಿ ಬಂದದ್ದೂ ಆ ಮಾತಿನಿಂದಲೇ.

ಮನೆ ಎಲ್ಲಿ ಅಂತ ಕೇಳಿದ್ದಿರಿ. ಕೆಲಸ ಪೇಟೆಯಲ್ಲಾದರೆ ಬೆರಿಯಾ ದಿಬ್ಬದ ಮೇಲ್ಭಾಗ ಅಥವಾ ವೆಸ್ಟ್‌ವಿಲ್ ನೋಡಿ. ನನ್ನ ಈಗಿನ ಮನೆ ವೆಸ್ಟ್‌ವಿಲ್‌ನಲ್ಲಿ. ಕೋತಿ ಕಾಟ ಇದೆ, ಅಡುಗೆಮನೆ ಕಿಟಕಿ ಮುಚ್ಚಿಯೇ ಇಡಬೇಕು, ಆದರೆ ಗೋಡೆ ಒಣಗಿದೆ. ಕ್ಲೂಫ್, ಹಿಲ್‌ಕ್ರೆಸ್ಟ್ ಇನ್ನೂ ತಂಪು. ಆದರೆ ಬೇಸಿಗೆಯಲ್ಲಿ ಮಂಜು ಕವಿಯುತ್ತದೆ, ತೇವ ಬಿಡುವುದಿಲ್ಲ. ಮಗಳಿಗಾಗಿ ಅಷ್ಟು ಮೇಲೆ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಬ್ಲಫ್ ಗುಡ್ಡದ ಮಗ್ಗುಲಲ್ಲಿ, ಮೆರೆಬ್ಯಾಂಕ್, ವೆಂಟ್‌ವರ್ತ್ ಇರುವ ದಕ್ಷಿಣದ ತಗ್ಗಿನಲ್ಲಿ ದಶಕಗಳ ಕಾಲ ಎರಡು ತೈಲ ಶುದ್ಧೀಕರಣ ಘಟಕಗಳು ನಡೆದವು, ಕಾರ್ಖಾನೆಗಳು ಈಗಲೂ ಇವೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ತಗ್ಗಿನಲ್ಲೇ ನಿಂತು ಹೊಗೆಯನ್ನು ಹಿಡಿದಿಡುತ್ತದೆ. ಉಬ್ಬಸದ ಮಗು ಇರುವಾಗ ಆ ಕಡೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಹೋಗಬೇಡಿ.

ಸಾಧ್ಯವಾದರೆ ಮೇ ತಿಂಗಳಲ್ಲಿ ಬಂದು ಇಳಿಯಿರಿ. ಮಳೆ ಮುಗಿದಿರುತ್ತದೆ, ಸೆಕೆ ಇಳಿದಿರುತ್ತದೆ, ಮಗಳಿಗೆ ಹೊಂದಿಕೊಳ್ಳಲು ನಾಲ್ಕೈದು ತಿಂಗಳು ಸಿಗುತ್ತದೆ. ಮನೆ ನೋಡಲು ಹೋದಾಗ ಬೀರುವಿನ ಹಿಂದೆ, ಕಿಟಕಿಯ ಕೆಳಗೆ ಗೋಡೆ ಮುಟ್ಟಿ ನೋಡಿ. ಹೊಸ ಬಣ್ಣ ಬಳಿದಿದ್ದರೆ ಮೂಗು ಹತ್ತಿರ ಹಿಡಿದು ವಾಸನೆ ನೋಡಿ. ವಿಳಾಸ ಸಿಕ್ಕ ಮೇಲೆ ಇಲ್ಲಿ ಬಡಾವಣೆಯ ಹೆಸರಷ್ಟೇ ಹಾಕಿ, ಸಾಕು. ಆ ಕಡೆ ಬಿಸಿಲು, ನೀರು ಹೇಗೆ ಅಂತ ನಾನೇ ಹೋಗಿ ನೋಡಿ ಬಂದು ಬರೆಯುತ್ತೇನೆ.