ಸ್ಕ್ಯಾನ್‌ನಲ್ಲಿ ದೋಷ ಕಾಣದಿದ್ದರೂ ಸೊಂಟ ಬೇಗ ಸೋಲುವುದೇಕೆ?

ಇಳಕಲ್‌ನಲ್ಲಿ ಕೈಮಗ್ಗ ನೇಯುವ ನಿಮ್ಮ ತಂದೆಯವರಿಗೆ ಸೊಂಟನೋವಿನಿಂದ ಅರ್ಧ ಗಂಟೆ ಕೂರಲಾಗುತ್ತಿಲ್ಲ, ಸ್ಕ್ಯಾನ್‌ನಲ್ಲಿ ಏನೂ ಕಾಣದ್ದರಿಂದ ಮನೆಯವರು “ಎಲ್ಲ ಮನಸ್ಸಿನದೇ” ಎನ್ನುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಮಾತನ್ನು ಮೊದಲು ನಿಲ್ಲಿಸಿ. ಅವರ ನೋವು ನಿಜ. ಭಯ ಅದನ್ನು ಹೆಚ್ಚಿಸಬಹುದು, ಅಷ್ಟೇ.

ಬೆನ್ನಿನ ಸ್ನಾಯುಗಳ ತಾಳಿಕೆ ಅಳೆಯಲು ಸೋರೆನ್ಸನ್ ಪರೀಕ್ಷೆ ಎಂಬುದಿದೆ. ಬೋರಲು ಮಲಗಿಸಿ, ಸೊಂಟ ಮತ್ತು ಕಾಲುಗಳನ್ನು ಮೇಜಿಗೆ ಬಿಗಿದು, ಮೇಲಿನ ಅರ್ಧ ದೇಹವನ್ನು ಅಂಚಿನಾಚೆ ನೇರವಾಗಿ ಹಿಡಿಯಲು ಹೇಳುತ್ತಾರೆ. ಗರಿಷ್ಠ ಮಿತಿ 240 ಸೆಕೆಂಡು. ಸೊಂಟನೋವಿರುವವರು ಸಾಮಾನ್ಯವಾಗಿ ಬೇಗ ಬಿಟ್ಟುಕೊಡುತ್ತಾರೆ. ಆದರೆ ಆಗ ಸೋತದ್ದು ಸ್ನಾಯುವೋ, “ಇನ್ನು ಹಿಡಿದರೆ ಬೆನ್ನು ಕೆಟ್ಟೀತು” ಎಂಬ ಅಂಜಿಕೆಯೋ ಎಂಬುದನ್ನು ಗಡಿಯಾರ ಹೇಳದು. ಎರಡನ್ನೂ ಬೇರ್ಪಡಿಸಲು ಹೊರಡುವುದೇ ವ್ಯರ್ಥವೆಂದು ನನ್ನ ಅಭಿಪ್ರಾಯ. ಅಂಜಿದವರು ಬಾಗುವುದನ್ನೂ ಭಾರ ಎತ್ತುವುದನ್ನೂ ಬಿಡುತ್ತಾರೆ. ಬಳಕೆಯಿಲ್ಲದ ಸ್ನಾಯು ಸೊರಗಿ ಬೇಗ ದಣಿಯುತ್ತದೆ, ಆ ದಣಿವೇ ಅಪಾಯದ ಸೂಚನೆಯಂತೆ ತೋರಿ ಅಂಜಿಕೆ ಇನ್ನಷ್ಟು ಬಲಿಯುತ್ತದೆ. ಈ ಸುಳಿಯನ್ನು ಮನಶ್ಶಾಸ್ತ್ರಜ್ಞರಾದ ವ್ಲೇಯನ್ ಮತ್ತು ಲಿಂಟನ್ 2000ರಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ.

ಆದ್ದರಿಂದ ಅವರನ್ನು ಹಾಸಿಗೆಗೆ ಕಟ್ಟಿಹಾಕಬೇಡಿ. ನೋವು ಏರುವವರೆಗೆ ಕಾಯದೆ, ಗಡಿಯಾರ ನೋಡಿ ಮಗ್ಗದಿಂದ ಏಳಲಿ, ನಾಲ್ಕು ಹೆಜ್ಜೆ ನಡೆಯಲಿ. ಕೂರುವ ಹೊತ್ತು ವಾರದಿಂದ ವಾರಕ್ಕೆ ತುಸು ಹೆಚ್ಚಲಿ. ಬೆನ್ನಿನ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿಯುವುದು ಒಳ್ಳೆಯದು, ಏಕೆಂದರೆ ಪಕ್ಕದಲ್ಲಿ ತಿಳಿದವರೊಬ್ಬರು ನಿಂತಿದ್ದರೆ ಧೈರ್ಯವೂ ಬರುತ್ತದೆ.

ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಅಥವಾ ಕಾಲಿನ ಬಲ ಕುಗ್ಗಿದರೆ ತಡಮಾಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.