ಮೊದಲು ಕೋಚ್, ಆಮೇಲೆ ಆಟಗಾರರು

ಸೀಸನ್ ಮುಗಿದ ಕೂಡಲೇ ನಮಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಪೆನಾಲ್ಟಿ, ಆಫ್‌ಸೈಡ್ ಎಲ್ಲ ಹಿಂದೆ ಸರಿದು ಯಾರು ಬರ್ತಾರೆ, ಯಾರು ಹೋಗ್ತಾರೆ, ಯಾರಿಗೆ ಎಷ್ಟು ವರ್ಷದ ಅಗ್ರಿಮೆಂಟ್ ಅನ್ನೋದೇ ಮಾತು. ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಫುಟ್‌ಬಾಲ್ ಪ್ರಶ್ನೆಗಳಿಗೆ ಮಾತ್ರ ಜಾಗ. ಕ್ರಿಕೆಟ್‌ನವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಮುಂದಿನ ಸಂಚಿಕೆಗೆ ಇದೆ.

ಪ್ರಶ್ನೆ: ಬೆಂಗಳೂರು ಎಫ್‌ಸಿ ಕೋಚ್ ಬದಲಾಯಿಸಿದಾಗಲೆಲ್ಲ ತಂಡ ಮತ್ತೆ ಮೊದಲಿಂದ ಶುರು ಮಾಡಿದಂತೆ ಕಾಣುತ್ತದೆ. ಹೊಸ ಕೋಚ್ ಹುಡುಕುವಾಗ ಕ್ಲಬ್ ಏನು ನೋಡಬೇಕು? (ಕಾಲೇಜು ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಇದಕ್ಕೆ ಉತ್ತರ ಬಿಎಫ್‌ಸಿಯ ಚರಿತ್ರೆಯಲ್ಲೇ ಇದೆ. 2013ರಲ್ಲಿ ಕ್ಲಬ್ ಹುಟ್ಟಿದಾಗ ಬಂದವರು ಆಶ್ಲಿ ವೆಸ್ಟ್‌ವುಡ್. ಮೂರು ಸೀಸನ್‌ನಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಎರಡು ಸಲ, ಫೆಡರೇಷನ್ ಕಪ್ ಒಂದು ಸಲ ಗೆದ್ದರು. 2016ರಲ್ಲಿ ಆಲ್ಬರ್ಟ್ ರೋಕಾ ಬಂದರು, ಅದೇ ನವೆಂಬರ್‌ನಲ್ಲಿ ತಂಡ ದೋಹಾದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿತು. ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 1-0ಯಿಂದ ಸೋತರೂ, ಆ ಹಂತ ಮುಟ್ಟಿದ ಮೊದಲ ಭಾರತೀಯ ಕ್ಲಬ್ ನಮ್ಮದೇ. 2018ರಲ್ಲಿ ರೋಕಾ ಹೊರಟಾಗ ಕ್ಲಬ್ ಮಾಡಿದ ಕೆಲಸ ನನಗೆ ಇವತ್ತಿಗೂ ಮೆಚ್ಚುಗೆ. ದೊಡ್ಡ ಹೆಸರು ಹುಡುಕಿಕೊಂಡು ಹೋಗಲಿಲ್ಲ. ರೋಕಾ ಜೊತೆಗೇ ಇದ್ದ ಸಹಾಯಕ ಕಾರ್ಲೆಸ್ ಕ್ವಾದ್ರತ್ ಅವರಿಗೆ ಪಟ್ಟ ಕಟ್ಟಿತು. ಆಟಗಾರರು ಗೊತ್ತು, ಆಟದ ರೀತಿ ಗೊತ್ತು, ಯಾರ ಮೊಣಕಾಲು ಯಾವಾಗ ನೋಯುತ್ತದೆ ಅನ್ನೋದೂ ಗೊತ್ತು. ಮೊದಲ ವರ್ಷದಲ್ಲೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದರು. 2019ರ ಮಾರ್ಚ್ 17, ಮುಂಬೈ, ಎದುರಿಗೆ ಗೋವಾ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಾಗ ರಾಹುಲ್ ಭೆಕೆ ಕಾರ್ನರ್‌ಗೆ ತಲೆ ಕೊಟ್ಟು ಗೋಲು ಹೊಡೆದದ್ದು ನೆನಪಿರಬೇಕಲ್ವಾ?

2021ರ ಜನವರಿಯಲ್ಲಿ ಕ್ವಾದ್ರತ್ ಹೋದ ಮೇಲೆ ಆ ಸರಪಳಿ ಕಡಿಯಿತು. ಸೀಸನ್ ಮುಗಿಸಲು ನೌಷಾದ್ ಮೂಸಾ, ಆಮೇಲೆ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ, 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್. ಗ್ರೇಸನ್ ಕೆಟ್ಟ ಕೋಚ್ ಅಲ್ಲ. ಡ್ಯುರಾಂಡ್ ಕಪ್ ಗೆದ್ದರು, ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು. ಆದರೆ ಒಬ್ಬೊಬ್ಬರದು ಒಂದೊಂದು ಆಟ. ಒಬ್ಬರು ಬೇಕು ಅಂತ ತಂದ ಆಟಗಾರ ಮುಂದಿನವರಿಗೆ ಬೇಡವಾದ. 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಹೋಗಿ ಜೆರಾರ್ಡ್ ಝರಗೋಝಾ ಬಂದರು. ಇವರು ಹಿಂದೆ ಕ್ವಾದ್ರತ್‌ಗೆ ಸಹಾಯಕರಾಗಿದ್ದವರು. 2025ರ ಏಪ್ರಿಲ್‌ನಲ್ಲಿ ತಂಡ ಮತ್ತೆ ಫೈನಲ್‌ಗೆ ಬಂತು, ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಕ್ಲಬ್ ಒಳಗಿನದನ್ನು ಬಲ್ಲವರನ್ನೇ ಕೋಚ್ ಸ್ಥಾನದಲ್ಲಿ ಕೂರಿಸಿದಾಗ ಬಿಎಫ್‌ಸಿಗೆ ಒಳ್ಳೇದೇ ಆಗಿದೆ. ನಾನಾದರೆ ಕೋಚ್ ಹುಡುಕುವಾಗ ಮೊದಲು ಸಹಾಯಕರ ಬೆಂಚ್ ನೋಡುತ್ತೇನೆ, ಯುರೋಪಿನ ಬಯೋಡೇಟಾ ಆಮೇಲೆ.

ಪ್ರಶ್ನೆ: ಕೋಚ್ ಇನ್ನೂ ಗೊತ್ತಾಗಿರುವುದಿಲ್ಲ, ಕ್ಲಬ್‌ಗಳು ಆಗಲೇ ನಾಲ್ಕೈದು ಆಟಗಾರರಿಗೆ ಸಹಿ ಹಾಕಿಸಿರುತ್ತವೆ. ಇದು ಸರಿಯಾ? (ಹರಿಹರ)

ಉತ್ತರ: ಸರಿಯಲ್ಲ. ಅಡುಗೆ ಭಟ್ಟರು ಯಾರು ಅಂತ ಗೊತ್ತಾಗುವ ಮೊದಲೇ ಮದುವೆಗೆ ಸಾಮಾನು ತಂದು ಹಾಕಿದ ಹಾಗೆ. ಬಂದ ಕೋಚ್ ಗೋಲು ಹೊಡೆಯಲು ಮುಂದೆ ಎತ್ತರದ ಸ್ಟ್ರೈಕರ್ ಇಟ್ಟು ಆಡಿಸುವವರಾ, ಅಂಚಿನಲ್ಲಿ ಓಡುವ ವಿಂಗರ್‌ಗಳನ್ನು ನೆಚ್ಚಿದವರಾ, ಹಿಂದೆ ಮೂವರನ್ನು ನಿಲ್ಲಿಸುವವರಾ ಅನ್ನೋದರ ಮೇಲೆ ಖರೀದಿ ನಿಂತಿದೆ. ಗೋಲ್‌ಕೀಪರ್ ಮತ್ತು ಅಕಾಡೆಮಿ ಹುಡುಗರ ಕಾಂಟ್ರ್ಯಾಕ್ಟ್ ಮಾತ್ರ ಕಾಯದೇ ಮುಗಿಸಬಹುದು. ಉಳಿದದ್ದಕ್ಕೆ ತಡೆಯಬೇಕು.

ಪ್ರಶ್ನೆ: ಸುನಿಲ್ ಛೇಟ್ರಿಯಂಥ ಹಿರಿಯ ಆಟಗಾರರಿಗೆ ಮತ್ತೆ ಮತ್ತೆ ಕಾಂಟ್ರ್ಯಾಕ್ಟ್ ಕೊಡುವುದು ಅಭಿಮಾನಕ್ಕಾ, ಆಟಕ್ಕಾ? (ಚಿತ್ರದುರ್ಗ ಕೋಟೆ ರಸ್ತೆಯ ಓದುಗರು)

ಉತ್ತರ: ಛೇಟ್ರಿ ವಿಷಯದಲ್ಲಿ ಆಟಕ್ಕೇ. 1984ರ ಆಗಸ್ಟ್‌ನಲ್ಲಿ ಹುಟ್ಟಿದವರು, 2013ರಿಂದ ಬಿಎಫ್‌ಸಿ ಮುಖ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ದೇಶದ ಜೆರ್ಸಿ ಕಳಚಿಟ್ಟರು. ಅದರ ಮುಂದಿನ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು, ನಲವತ್ತು ತುಂಬಿದ ಮೇಲೆ. ಅದನ್ನು ನೋಡಿ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಾಪಸ್ ಕರೆದರು. ಇಂಥವರಿಗೆ ಕಾಂಟ್ರ್ಯಾಕ್ಟ್ ಕೊಡಬೇಡಿ ಅನ್ನೋಕೆ ಯಾರಿಗೆ ಬಾಯಿ ಬರುತ್ತದೆ?

ಆದರೆ ಕೊಡುವ ರೀತಿ ಇದೆ. ಮೂವತ್ತೈದು ದಾಟಿದವರಿಗೆ ಒಂದೊಂದೇ ವರ್ಷ. ಇಷ್ಟು ಪಂದ್ಯ ಆಡಿದರೆ ಇನ್ನೊಂದು ವರ್ಷ ತಾನಾಗೇ ಮುಂದುವರಿಯುತ್ತದೆ ಅಂತ ಒಂದು ಷರತ್ತು ಬರೆದರೆ ಇಬ್ಬರಿಗೂ ನೆಮ್ಮದಿ. ನನಗೆ ಚಿಂತೆ ಇರೋದು ಬೇರೆ ಕಡೆ. ನಲವತ್ತು ದಾಟಿದವರನ್ನು ದೇಶವೇ ಮತ್ತೆ ಕರೆಯಬೇಕಾಯಿತು ಅಂದರೆ ಅವರ ಹಿಂದೆ ಇನ್ನೊಬ್ಬ ಸ್ಟ್ರೈಕರ್ ಬೆಳೆದಿಲ್ಲ ಅಂತಲೇ ಅರ್ಥ. ಕ್ಲಬ್‌ಗಳು ಆ ಜಾಗಕ್ಕೆ ವಿದೇಶಿಯರನ್ನೇ ತರುತ್ತವೆ, ನಮ್ಮ ಹುಡುಗರು ವಿಂಗ್‌ಗೆ ಹೋಗುತ್ತಾರೆ ಇಲ್ಲವೇ ಬೆಂಚಿಗೆ. ಛೇಟ್ರಿಗೆ ಒಂದು ವರ್ಷ ಬರೆಯುವ ದಿನವೇ ಒಬ್ಬ ಇಪ್ಪತ್ತರ ಹುಡುಗನಿಗೆ ಮೂರು ವರ್ಷ ಬರೆಯಲಿ.

ಪ್ರಶ್ನೆ: 'ಫ್ರೀ ಟ್ರಾನ್ಸ್‌ಫರ್' ಅಂದರೆ ಕ್ಲಬ್‌ಗೆ ಒಂದು ಪೈಸೆಯೂ ಸಿಗೋದಿಲ್ವಾ? (ಹಿರಿಯೂರು)

ಉತ್ತರ: ಟ್ರಾನ್ಸ್‌ಫರ್ ದುಡ್ಡು ಸಿಗೋದಿಲ್ಲ. ಕಾಂಟ್ರ್ಯಾಕ್ಟ್ ಮುಗಿದ ಆಟಗಾರ ಯಾರ ಸೊತ್ತೂ ಅಲ್ಲ. ಮೊದಲು ಹೀಗಿರಲಿಲ್ಲ. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಅವರ ಅವಧಿ 1990ರಲ್ಲಿ ಮುಗಿದರೂ, ಅವರ ಕ್ಲಬ್ ದುಡ್ಡು ಕೊಡದೆ ಬಿಡಲ್ಲ ಅಂತ ಹಿಡಿದಿಟ್ಟುಕೊಂಡಿತು. ಅವರು ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು, ಅಷ್ಟರಲ್ಲಿ ಪಾಪ ಅವರ ಆಟದ ಬದುಕು ಮುಗಿದೇ ಹೋಗಿತ್ತು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಈಗಿನ ನಿಯಮದಲ್ಲಿ ಕೊನೆಯ ಆರು ತಿಂಗಳಿರುವಾಗಲೇ ಆಟಗಾರ ಬೇರೆ ಕ್ಲಬ್ ಜೊತೆ ಸಹಿ ಹಾಕಬಹುದು. ಹಾಗಾಗಿ ಒಳ್ಳೆ ಆಟಗಾರನ ಕಾಂಟ್ರ್ಯಾಕ್ಟ್ ಕೊನೆಯ ವರ್ಷಕ್ಕೆ ಬಂದರೂ ಕ್ಲಬ್ ಸುಮ್ನೆ ಕೂತಿದೆ ಅಂದರೆ, ಕಳಕೊಳ್ಳಲು ತಯಾರಾಗಿದೆ ಅಂತ ತಿಳಿಯಿರಿ.

ಪ್ರಶ್ನೆ: ನನ್ನ ಮಗನಿಗೆ ಹದಿನಾರು. ಊರಲ್ಲಿ ಆಡುವುದನ್ನು ನೋಡಿದ ಒಬ್ಬರು ಬೆಂಗಳೂರಿನ ಕ್ಲಬ್ಬೊಂದರ ಪರವಾಗಿ ಐದು ವರ್ಷದ ಅಗ್ರಿಮೆಂಟ್ ತಂದಿದ್ದಾರೆ. ಇವತ್ತೇ ಸಹಿ ಹಾಕಿ, ಇಲ್ಲದಿದ್ದರೆ ಬೇರೆ ಹುಡುಗನಿಗೆ ಹೋಗುತ್ತದೆ ಅಂತಾರೆ. ಏನು ಮಾಡಲಿ? (ಒಬ್ಬ ತಾಯಿ, ಚಳ್ಳಕೆರೆ)

ಉತ್ತರ: ಅಕ್ಕಾ, ಇವತ್ತು ಸಹಿ ಹಾಕಬೇಡಿ. ಈ ತಿಂಗಳು ಬಂದ ಎಲ್ಲ ಪತ್ರಗಳಲ್ಲಿ ನಿಮ್ಮದೇ ನನ್ನನ್ನು ಜಾಸ್ತಿ ಕಾಡಿದ್ದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೇದು, ಐದು ವರ್ಷ. ಫಿಫಾ ನಿಯಮದಲ್ಲಿ ಹದಿನೆಂಟು ತುಂಬದವರ ವೃತ್ತಿಪರ ಕಾಂಟ್ರ್ಯಾಕ್ಟ್ ಮೂರು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಐದು ವರ್ಷ ದೊಡ್ಡವರಿಗೆ. ಹದಿನಾರರ ಹುಡುಗನಿಗೆ ಐದು ವರ್ಷ ಬರೆದುಕೊಂಡು ಬಂದವರು ಒಂದೋ ನಿಯಮ ಓದಿಲ್ಲ, ಇಲ್ಲವೇ ನೀವು ಓದಿಲ್ಲ ಅಂದುಕೊಂಡಿದ್ದಾರೆ. ಮೂರು ವರ್ಷದ ಆಚೆಗಿನ ಮಾತಿಗೆ ಫುಟ್‌ಬಾಲ್ ಸಂಸ್ಥೆಗಳ ಮುಂದೆ ಬೆಲೆಯಿಲ್ಲ.

ಆಮೇಲೆ ಸಂಬಳದ ಸಾಲು ಹುಡುಕಿ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಬ್ಯಾಂಕ್ ಖಾತೆಗಾ, ಕೈಗಾ. ಊಟ, ಹಾಸ್ಟೆಲ್, ಬಸ್ ಚಾರ್ಜು ಮಾತ್ರ ಕೊಡ್ತೀವಿ ಅಂದರೆ ಅದು ವೃತ್ತಿಪರ ಕಾಂಟ್ರ್ಯಾಕ್ಟೇ ಅಲ್ಲ. ಖರ್ಚಿಗಿಂತ ಮೇಲೆ ಸಂಬಳ ಇದ್ದು ಅದು ಬರವಣಿಗೆಯಲ್ಲಿ ಇದ್ದರೆ ಮಾತ್ರ ಹುಡುಗ ವೃತ್ತಿಪರ. ಇಲ್ಲದಿದ್ದರೆ ಹವ್ಯಾಸಿ, ಹವ್ಯಾಸಿಯನ್ನು ವರ್ಷಗಟ್ಟಲೆ ಕಟ್ಟಿಹಾಕುವ ಕಾಗದಕ್ಕೆ ನೀವು ಯಾಕೆ ಹೆಬ್ಬೆಟ್ಟು ಒತ್ತಬೇಕು?

ಮೂರನೇ ಪುಟವೋ ನಾಲ್ಕನೇ ಪುಟವೋ, ಎಲ್ಲೋ ಸಣ್ಣ ಅಕ್ಷರದಲ್ಲಿ 'ಆಪ್ಷನ್' ಅನ್ನೋ ಮಾತು ಇರುತ್ತದೆ. ಅವಧಿ ಮುಗಿದ ಮೇಲೆ ಇನ್ನೊಂದು ವರ್ಷ ಮುಂದುವರಿಸುವ ಹಕ್ಕು. ಅದು ಕ್ಲಬ್‌ಗೆ ಮಾತ್ರ ಇದೆಯಾ, ನಿಮ್ಮ ಮಗನ ಒಪ್ಪಿಗೆಯೂ ಬೇಕಾ ನೋಡಿ. ಕ್ಲಬ್‌ಗೆ ಮಾತ್ರ ಇದ್ದರೆ, ಅದೇ ಸಂಬಳಕ್ಕೆ ಇನ್ನೊಂದು ವರ್ಷ ದುಡಿಸಿಕೊಳ್ಳುವ ದಾರಿ ಅದು. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಪಿಯುಸಿ ಪರೀಕ್ಷೆಗೆ ಬಿಡುತ್ತಾರಾ, ಇದೆಲ್ಲ ಕಾಗದದಲ್ಲೇ ಬರಬೇಕು. ಬಾಯಿಮಾತು ಬೇಡ. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಈ ಕಾಂಟ್ರ್ಯಾಕ್ಟ್ ಊರ್ಜಿತ ಅಂತ ಬರೆದಿದ್ದರೆ ಅದನ್ನೂ ಹೊಡೆಸಿಹಾಕಿ. ಪರೀಕ್ಷೆ ಮಾಡಿಸುವುದಿದ್ದರೆ ಸಹಿಗೆ ಮೊದಲೇ ಮಾಡಿಸಿಕೊಳ್ಳಲಿ ಅನ್ನೋದು ಫಿಫಾ ನಿಯಮವೇ.

ಇನ್ನು ಕಾಗದ ತಂದ ಆ ವ್ಯಕ್ತಿ. ಏಜೆಂಟ್ ಆಗಿದ್ದರೆ ಫಿಫಾ ಲೈಸೆನ್ಸ್ ಇರಬೇಕು, ಅದಕ್ಕೆ ಪರೀಕ್ಷೆ ಬರೆದು ಪಾಸಾಗಿರಬೇಕು. ಲೈಸೆನ್ಸ್ ತೋರಿಸಿ ಅಂತ ಕೇಳಿ. ಟ್ರಯಲ್ಸ್‌ಗೆ, 'ರಿಜಿಸ್ಟ್ರೇಷನ್'ಗೆ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕಾಗದದ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ, ಚಳ್ಳಕೆರೆ ಕೋರ್ಟಿನ ವಕೀಲರೊಬ್ಬರಿಗೆ ತೋರಿಸಿ. ಮಗ ನಿಜಕ್ಕೂ ಚೆನ್ನಾಗಿ ಆಡುತ್ತಿದ್ದರೆ ಕ್ಲಬ್ ಒಂದು ವಾರ ಕಾಯುತ್ತದೆ.

ಪ್ರಶ್ನೆ: ಸಂಬಳ ಕೊಡದಿದ್ದರೆ ಆಟಗಾರ ಬಿಟ್ಟು ಹೋಗಬಹುದಾ? (ದಾವಣಗೆರೆ, ಪಿ.ಜೆ. ಬಡಾವಣೆ)

ಉತ್ತರ: ಹೋಗಬಹುದು. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ಆಗಲೂ ಕೊಡದಿದ್ದರೆ ಕಾಂಟ್ರ್ಯಾಕ್ಟ್ ಮುರಿಯಲು ಅದು ನ್ಯಾಯವಾದ ಕಾರಣ. ಇದು ಪುಸ್ತಕದ ಮಾತಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಅನ್ನೋ ಸ್ಥಿತಿ ಬಂತು, ಆಗಸ್ಟ್‌ನಲ್ಲಿ ಬಿಎಫ್‌ಸಿಯೇ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. ಆಟಗಾರರ ಮನೆಯಲ್ಲೂ ಬಾಡಿಗೆ, ಇಎಂಐ ಇರುತ್ತದೆ. ಅಂಥ ಹೊತ್ತಲ್ಲಿ ಬೇರೆ ಕಡೆ ಹೋದವರನ್ನು 'ದ್ರೋಹಿ' ಅಂತ ಕರೆಯೋದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಕಾರಣವಿಲ್ಲದೆ ಮುರಿದರೆ? (ಹೊಳಲ್ಕೆರೆ)

ಉತ್ತರ: ಪರಿಹಾರ ಕಟ್ಟಬೇಕು, ನಿಷೇಧವೂ ಬೀಳಬಹುದು. 28 ತುಂಬುವ ಮೊದಲು ಸಹಿ ಹಾಕಿದ್ದರೆ ಮೊದಲ ಮೂರು ವರ್ಷ, ಆಮೇಲೆ ಹಾಕಿದ್ದರೆ ಎರಡು ವರ್ಷ ರಕ್ಷಿತ ಅವಧಿ. ಅದರೊಳಗೆ ಮುರಿದರೆ ಶಿಕ್ಷೆ ಬಿಗಿ. 2024ರಲ್ಲಿ ಡಿಫೆಂಡರ್ ಅನ್ವರ್ ಅಲಿ ಮೋಹನ್ ಬಾಗಾನ್ ಬಿಟ್ಟು ಈಸ್ಟ್ ಬೆಂಗಾಲ್‌ಗೆ ಹೋದಾಗ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಸಮಿತಿ ನಾಲ್ಕು ತಿಂಗಳ ನಿಷೇಧ, 12.9 ಕೋಟಿ ರೂಪಾಯಿ ಪರಿಹಾರ ಅಂತ ಆದೇಶ ಮಾಡಿತ್ತು. ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಆ ಆದೇಶ ಜಾರಿಯಾಗಲಿಲ್ಲ.

ಪ್ರಶ್ನೆ: ಮಗ ಡಲ್ಲಾಸ್‌ನಲ್ಲಿ ಇದ್ದಾನೆ, ಅಲ್ಲಿನ ಫುಟ್‌ಬಾಲ್ ನೋಡ್ತಾನೆ. 'ಫ್ರಾಂಚೈಸ್ ಟ್ಯಾಗ್' ಅಂತ ಏನೋ ಹೇಳ್ತಾನೆ. ನಮಗೂ ಅರ್ಥ ಆಗೋ ಹಾಗೆ ಹೇಳಿ. (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ಅದು ಕೈಯಲ್ಲಿ ಹಿಡಿದು ಓಡುವ ಆಟ, ಅದರ ಲೆಕ್ಕಾಚಾರವೇ ಬೇರೆ. ಅಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ. ಒಂದು ತಂಡ ಒಟ್ಟು ಕೊಡಬಹುದಾದ ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ, 2025ರಲ್ಲಿ ಅದು 27.92 ಕೋಟಿ ಡಾಲರ್. ಕಾಂಟ್ರ್ಯಾಕ್ಟ್ ಮುಗಿಯುವ ಒಬ್ಬ ಆಟಗಾರನಿಗೆ ತಂಡ ಟ್ಯಾಗ್ ಹಾಕಿದರೆ ಅವನು ಇನ್ನೊಂದು ವರ್ಷ ಅಲ್ಲೇ. ಸಂಬಳ ಮಾತ್ರ ಅವನ ಸ್ಥಾನದಲ್ಲಿ ಆಡುವ ಮೇಲಿನ ಐವರ ಸರಾಸರಿಯಷ್ಟೋ, ಅವನ ಹಳೇ ಸಂಬಳದ ಶೇ. 120ರಷ್ಟೋ, ಯಾವುದು ಜಾಸ್ತಿಯೋ ಅದು. 1993ರಿಂದ ಇದೆ. ನನಗೆ ಅಲ್ಲಿ ಹಿಡಿಸುವುದು ಕ್ರಮ. ಲೀಗ್ ಹಂತ ಮುಗಿದ ಮರುದಿನ ಸೋಮವಾರ ಸೋತ ತಂಡಗಳು ಕೋಚ್‌ಗಳನ್ನು ಕಳಿಸುತ್ತವೆ, ಜನವರಿ, ಫೆಬ್ರವರಿಯಲ್ಲಿ ಹೊಸಬರು ಬರುತ್ತಾರೆ, ಆಟಗಾರರ ಮಾರುಕಟ್ಟೆ ತೆರೆಯುವುದು ಮಾರ್ಚ್‌ಗೆ. ಹರಿಹರದ ಓದುಗರು ಕೇಳಿದ ಪ್ರಶ್ನೆಗೆ ಅಲ್ಲಿ ಕ್ಯಾಲೆಂಡರೇ ಉತ್ತರ ಕೊಡುತ್ತದೆ.

ಪ್ರಶ್ನೆ: ಹೈಸ್ಕೂಲ್ ಮೈದಾನದಲ್ಲಿ ಸಂಜೆ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಕೋಚ್ ಅಂತ ಹೇಳಿಕೊಳ್ಳಲು ಏನು ಬೇಕು? ನಮ್ಮ ಹುಡುಗ ದೊಡ್ಡ ಕ್ಲಬ್‌ಗೆ ಹೋದರೆ ನಮಗೇನಾದರೂ ಸಿಗುತ್ತದಾ? (ದಾವಣಗೆರೆ)

ಉತ್ತರ: ಎಐಎಫ್‌ಎಫ್ ಡಿ ಲೈಸೆನ್ಸ್‌ನಿಂದ ಹತ್ತಬೇಕು. ಡಿ, ಸಿ, ಬಿ, ಎ, ಕೊನೆಗೆ ಪ್ರೊ. ಡಿ ಮಾಡಲು ನೀವು ದೊಡ್ಡ ಆಟಗಾರ ಆಗಿರಬೇಕಿಲ್ಲ, ಹುಡುಗರ ಜೊತೆ ನಿಲ್ಲುವ ತಾಳ್ಮೆ ಬೇಕು. ಅದು ನಿಮಗೆ ಆಗಲೇ ಇದೆ. ಮಾಹಿತಿಗೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯನ್ನು ಕೇಳಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದದ್ದು ಇದೇ ರಾಜ್ಯದ ತಂಡ. ಅಂಥ ತಂಡಕ್ಕೆ ನಮ್ಮ ಕಡೆ ಹುಡುಗರೂ ಹೋಗಬೇಕು ಅಂದರೆ ನಿಮ್ಮಂಥವರು ಲೈಸೆನ್ಸ್ ಮಾಡಲೇಬೇಕು.

ಎರಡನೇ ಪ್ರಶ್ನೆಗೆ ಉತ್ತರ, ಸಿಗುತ್ತದೆ. ಆದರೆ ಕ್ಲಬ್ ನೋಂದಣಿ ಆಗಿರಬೇಕು, ಹುಡುಗನ ಹೆಸರು ನಿಮ್ಮ ಕ್ಲಬ್‌ನಲ್ಲಿ ದಾಖಲಾಗಿರಬೇಕು. ಆಟಗಾರನೊಬ್ಬ ಕಾಂಟ್ರ್ಯಾಕ್ಟ್ ಇರುವಾಗಲೇ ದುಡ್ಡಿಗೆ ಬೇರೆ ದೇಶದ ಕ್ಲಬ್‌ಗೆ ಹೋದರೆ, ಆ ಮೊತ್ತದ ಶೇ. 5 ಅವನನ್ನು 12ರಿಂದ 23 ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಒಂದು ಕೋಟಿಗೆ ಹೋದ ಅಂತಿಟ್ಟುಕೊಳ್ಳಿ, ಹಂಚುವುದು ಐದು ಲಕ್ಷ. 12ರಿಂದ 15ರವರೆಗಿನ ನಾಲ್ಕು ಸೀಸನ್ ನಿಮ್ಮಲ್ಲಿ ಆಡಿದ್ದರೆ ಸೀಸನ್‌ಗೆ 25 ಸಾವಿರದಂತೆ ಒಂದು ಲಕ್ಷ ನಿಮ್ಮದು. ಒಂದು ಲಕ್ಷದಲ್ಲಿ ಗೋಲ್ ಪೋಸ್ಟ್‌ಗೆ ಬಲೆ, ಚೆಂಡು, ಬೂಟು ಎಲ್ಲ ಬರುತ್ತದೆ. ಕಾಗದಪತ್ರ ಇಲ್ಲದಿದ್ದರೆ ಹುಡುಗ ನಿಮ್ಮವನು ಅಂತ ಊರಿಗೆಲ್ಲ ಗೊತ್ತಿದ್ದರೂ ಆ ದುಡ್ಡು ಬರುವುದಿಲ್ಲ. ಈ ಸೀಸನ್ ಶುರುವಾಗುವ ಮೊದಲೇ ನೋಂದಣಿ ಮುಗಿಸಿಕೊಳ್ಳಿ.